ಬಿಗಿಗಾರೆಯೂ ಮದ್ದೂ

ಹೊಡೆದರೆ ಕಲ್ಲಾಗುವ, ಒತ್ತಿದರೆ ಹಿಟ್ಟಾಗುವ ಗಾರೆಯನ್ನು ನಾವು ಕಂಡುಹಿಡಿದ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಅದರದೊಂದು ಮುದ್ದೆ ಇಟ್ಟುಕೊಂಡು, ಬಂದವರ ಕೈಗೆಲ್ಲ ಸುತ್ತಿಗೆ ಕೊಟ್ಟು ಹೊಡೆಯಿರಿ ಎನ್ನುತ್ತಿದ್ದೆ. ಸುತ್ತಿಗೆ ಠಣ್ಣೆಂದು ಪುಟಿಯುತ್ತಿತ್ತು, ಹೊಡೆದವರ ಮೊಣಕೈ ಜುಮ್ಮೆನ್ನುತ್ತಿತ್ತು. ಆಮೇಲೆ ಅದೇ ಮುದ್ದೆಯೊಳಗೆ ನನ್ನ ಕಿರುಬೆರಳನ್ನು ಮೆಲ್ಲಗೆ ಇಳಿಸಿ ತೋರಿಸುತ್ತಿದ್ದೆ. ನೋಡಲು ಬಂದ ಮಂತ್ರಿಯೊಬ್ಬರು ತಾವೂ ಬೆರಳು ಇಳಿಸಿದರು, ಏನನ್ನಿಸಿತೋ ಏನೋ, ಗಾಬರಿಯಾಗಿ ಸರಕ್ಕನೆ ಎಳೆದುಕೊಂಡರು. ಗಾರೆ ಹಿಡಿದುಕೊಂಡಿತು. ಎಳೆದಷ್ಟೂ ಬಿಗಿಯಿತು. ಕೈ ಸಡಿಲ ಬಿಡಿ ಸಾರ್ ಎಂದು ನಾನು ಹೇಳಿ ಹೇಳಿ ಅವರು ಬಿಡುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು.

ಅದರ ಗುಟ್ಟು ದೊಡ್ಡದೇನಲ್ಲ. ಮಂದವಾದ ಅಂಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಲಿನ ಹರಳುಗಳು ತೇಲುತ್ತಿರುತ್ತವೆ. ಮೆಲ್ಲಗೆ ಒತ್ತಿದರೆ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಸರಿಯುತ್ತವೆ. ಒಮ್ಮೆಲೇ ಹೊಡೆದರೆ ಸಿಕ್ಕಿಕೊಂಡು ನಿಲ್ಲುತ್ತವೆ. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಹತ್ತುವವರು ಇಳಿಯುವವರು ಒಟ್ಟಿಗೇ ನುಗ್ಗಿದರೆ ಯಾರೂ ಅಲುಗಲಾಗುವುದಿಲ್ಲವಲ್ಲ, ಹಾಗೆ. ನಾವು ಅದಕ್ಕೆ ನಾಲಿಗೆ ತಿರುಗದ ಹೆಸರೊಂದನ್ನು ಇಟ್ಟಿದ್ದೆವು. ಜನ ಬಿಗಿಗಾರೆ ಅಂದರು, ಅದೇ ಉಳಿಯಿತು.

ಅದರ ಅಗತ್ಯವೂ ಇತ್ತು. ಬೇಸಿಗೆಯಲ್ಲಿ ನಮ್ಮ ಸೀಮೆಯಲ್ಲಿ ಹೊರಗೆ ಬದುಕುವುದು ಆಗದ ಮಾತಾಗಿತ್ತು. ಹೊತ್ತೇರಿದ ಮೇಲೆ ತಂತಿಯ ಮೇಲಿನ ಹಕ್ಕಿಗಳು ಸತ್ತು ಬೀಳುತ್ತಿದ್ದವು. ಸರಕಾರ ಕೃಷ್ಣೆಯ ಈಚೆ ದಂಡೆಯ ಹಳೆಯ ಕೆಂಪುಕಲ್ಲಿನ ಗಣಿಗಳನ್ನು ಇನ್ನಷ್ಟು ಆಳಕ್ಕೆ ಕೊರೆಸಿ, ಒಳಗೆ ಓಣಿಗಳನ್ನು ಮಾಡಿಸಿ, ಹೋಳಿ ಮುಗಿದದ್ದೇ ಊರಿಗೆ ಊರನ್ನೇ ಕೆಳಗಿಳಿಸಿ ಮಳೆ ಬಿದ್ದ ಬಳಿಕ ಮೇಲೆ ಕಳಿಸುತ್ತಿತ್ತು. ಅವಕ್ಕೆ ತಂಪೋಣಿ ಎಂದು ಹೆಸರು. ಬಂಡೆ ಸಿಡಿದರೂ ನೆಲ ನಡುಗಿದರೂ ಏನೂ ಆಗಬಾರದೆಂದು ಗೋಡೆಗೆ, ಸೂರಿಗೆ ನಮ್ಮ ಬಿಗಿಗಾರೆಯನ್ನು ಆಳುದ್ದ ಮೆತ್ತಿ, ಜೋತು ಬೀಳದಂತೆ ಮೇಲೆ ಗಟ್ಟಿ ನೂಲಿನ ಬಲೆ ಕಟ್ಟಿದರು.

ಜನ ಹೊಂದಿಕೊಂಡರು. ಗೋಡೆಗೆ ಮೊಳೆ ಹೊಡೆಯುವ ಕೆಲಸ ನಿಂತಿತು, ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಹೆಂಗಸರು ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲುತ್ತಿದ್ದರು, ಮಾತು ಮುಗಿಯುವಷ್ಟರಲ್ಲಿ ಮೊಳೆ ಇಳಿದಿರುತ್ತಿತ್ತು. ಕುಡಿದು ಬಂದ ಗಂಡಸು ಬಲೆ ಹರಿದ ಕಡೆ ಒರಗಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅವನ ಅರ್ಧ ಬೆನ್ನು ಗೋಡೆಯೊಳಗಿರುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಧ್ವನಿವರ್ಧಕದಲ್ಲಿ ಒಂದು ಸೂಚನೆ ಬರುತ್ತಿತ್ತು: "ಗಾರೆ ಹಿಡಿದುಕೊಂಡರೆ ಎಳೆಯಬೇಡಿರಿ. ಎಳೆದಷ್ಟೂ ಬಿಗಿಯುತ್ತದೆ. ಸುಮ್ಮನೆ ಸಡಿಲ ಬಿಡಿ, ತಾನೇ ಬಿಡುತ್ತದೆ." ಅದನ್ನು ಓದುತ್ತಿದ್ದವರು ನನ್ನ ಗಂಡ ಗುರುಸಿದ್ಧ. ಗಾಳಿ, ನೀರು, ಬೆಳಕು ನೋಡಿಕೊಳ್ಳುವ ಆ ಕೊಠಡಿಯ ಉಸ್ತುವಾರಿ ಅವರದು. ನಾನು ಕಸ್ತೂರಿ, ಓಣಿಯ ಗಾರೆಯ ಉಸ್ತುವಾರಿ ನನ್ನದು. ನಮ್ಮ ಜೊತೆ ನಮ್ಮತ್ತೆ ಶಿವಗಂಗವ್ವ ಇದ್ದರು. ಅತ್ತೆಯಷ್ಟು ನಿಧಾನದ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಅವರು ಒಂದು ಈರುಳ್ಳಿ ಹೆಚ್ಚುವಷ್ಟರಲ್ಲಿ ನಾನು ಅಡುಗೆ ಮುಗಿಸಿ ಪಾತ್ರೆ ತೊಳೆದಿರುತ್ತಿದ್ದೆ. ಹಲ್ಲು ಕಚ್ಚಿಕೊಂಡು ಸಂಸಾರ ಮಾಡುತ್ತಿದ್ದೆ ಅಂದರೂ ನಡೆದೀತು.

ಓಣಿಯ ಕಟ್ಟಕಡೆಯ ಮನೆ ರಾಜೇಸಾಬ್ ಬಾಣದಾರರದು. ಬಾಣಬಿರುಸು ಮಾಡುವ ಮನೆತನ. ಸುತ್ತಲಿನ ಲಗ್ನಗಳಲ್ಲಿ ಕಬ್ಬಿಣದ ಗರ್ನಾಲಿಗೆ ಕರಿಮದ್ದು ತುಂಬಿ ಹಾರಿಸುವುದು ಅವರ ಕಸುಬು. ಅವರು ಜಡಿದ ಗರ್ನಾಲಿನ ದನಿಗೆ ಕುದುರೆ ಮೇಲಿನ ಮದುಮಗ ಬೆಚ್ಚಿಬೀಳದಿದ್ದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಅವರ ಮೊಮ್ಮಗಳ ಲಗ್ನ ಮಳೆಗಾಲಕ್ಕೆ ಗೊತ್ತಾಗಿತ್ತು. ಅದಕ್ಕೆಂದು ಮುದುಕ ಉಪ್ಪಿನಕಾಯಿಯ ಭರಣಿಯಲ್ಲಿ ಮದ್ದು ತುಂಬಿ ತಂದು ಕೆಳಗಿನ ಮನೆಯಲ್ಲಿ ಬಚ್ಚಿಟ್ಟಿದ್ದಾರೆಂದು ನನ್ನ ಕಿವಿಗೆ ಬಿತ್ತು. ಓಣಿಯಲ್ಲಿ ಬೆಂಕಿಪೊಟ್ಟಣಕ್ಕೂ ಪರವಾನಗಿ ಬೇಕು. ನಾನು ಬೆಳಿಗ್ಗೆಯೇ ಜಗಳಕ್ಕೆ ಹೋದೆ.

"ಇದೇನ್ರೀ ಕಾಕಾ, ಎಲ್ಲಾರನ್ನೂ ಕೂಡೇ ಮ್ಯಾಲ ಕಳಸೂ ವಿಚಾರ ಮಾಡೀರೇನು?"

"ಬಯಲಾಗ ಇಟ್ರ ಬಿಸಲಿಗೆ ತಾನ ಹೊತ್ತತೈತಿ ತಂಗಿ. ಇಲ್ಲೆ ತಂಪೈತಿ, ಅದರ ಪಾಡಿಗೆ ಅದು ಕುಂತೈತಿ. ನೀನೂ ಕುಂದರು, ಚಾ ಕುಡಿ."

ಜಗಳ ಬಿಡಿಸಲೆಂದು ಅತ್ತೆ ಹಿಂದೆಯೇ ಬಂದರು. ಹಿಂದೆಯೇ ಅಂದರೆ ಅವರ ಲೆಕ್ಕದಲ್ಲಿ. ಆಗಲೇ ಚಹಾ ಆರಿತ್ತು. ಕಾಕಾನ ಹೆಂಡತಿ ಹಜರತಬಿ ನೀರಿಗೆಂದು ಕೊಡ ಹಿಡಿದು ಹೊರಟವಳು ಅತ್ತೆಗೆ ದಾರಿ ಬಿಟ್ಟು, ಎರಡು ಮಾತಾಡಿ, ಬಾಗಿಲು ದಾಟಿ ಹೋದಳು. ಅವಳು ಆಚೆ ತಿರುವು ತಿರುಗಿದ್ದಷ್ಟೆ, ನಮ್ಮ ತಲೆಯ ಮೇಲೆಲ್ಲೋ ಬಂಡೆ ನರಳಿತು.

ಕುಸಿತ ಅಂದರೆ ಧಡಾರೆಂದು ಬೀಳುವುದು ಎಂದೇ ನಾನು ತಿಳಿದಿದ್ದೆ. ಹಾಗಾಗಿದ್ದರೆ ಗಾರೆ ತಡೆಯುತ್ತಿತ್ತು, ಅದಕ್ಕೇ ಅದನ್ನು ಮಾಡಿದ್ದು. ಆದರೆ ಈ ಬಂಡೆ ತಿಂಗಳುಗಟ್ಟಲೆ ಕೂದಲೆಳೆ ಕೂದಲೆಳೆಯಾಗಿ ಜಾರುತ್ತ ಗಾರೆಯನ್ನು ಒತ್ತುತ್ತ ಬಂದಿತ್ತು. ಮೆಲ್ಲಗೆ ಒತ್ತುವವರಿಗೆಲ್ಲ ದಾರಿ ಬಿಡುವ ಗಾರೆ ಬೆಟ್ಟಕ್ಕೂ ದಾರಿ ಬಿಟ್ಟಿತು. ಭೂಕಂಪವನ್ನು ಲೆಕ್ಕ ಹಾಕಿದ ನಾವು ಬೆಟ್ಟದ ತಾಳ್ಮೆಯನ್ನು ಲೆಕ್ಕ ಹಾಕಿರಲಿಲ್ಲ. ಓಣಿಯ ಕೊರಳಿನಂತಿದ್ದ ಇಕ್ಕಟ್ಟಿನ ದಾರಿಯಲ್ಲಿ ಬಲೆ ಚರ್ರನೆ ಹರಿಯಿತು. ಮೇಲಿನಿಂದ ಗಾರೆ ಇಳಿದು, ನಾದಿದ ಹಿಟ್ಟು ಪರಾತದಲ್ಲಿ ಹರಡಿಕೊಳ್ಳುವಂತೆ ಹರಡಿ, ಕೊರಳನ್ನು ತುಂಬಿಬಿಟ್ಟಿತು. ನಾನು ಓಡಿ ಹೋಗಿ ಹೆಗಲಿನಿಂದ ಗುದ್ದಿದೆ. ಅದು ಕಲ್ಲಾಯಿತು. ಗೊತ್ತಿದ್ದೂ ಗುದ್ದಿದೆ.

ನಾವು ಮೂವರು ಕಾಕಾನ ಮನೆ ಮತ್ತು ಅದರ ಮುಂದಿನ ತುಂಡು ಓಣಿಯಲ್ಲಿ ಉಳಿದೆವು. ಗಾಳಿಯ ಕೊಳವೆ ನಜ್ಜುಗುಜ್ಜಾಗಿತ್ತು. ದೂರವಾಣಿಯ ತಂತಿ ಮಾತ್ರ ಗಾರೆಯೊಳಗೇ ಹಾದು ಹೇಗೋ ಬದುಕಿತ್ತು.

"ಕಸ್ತೂರಿ, ಅವ್ವ ಅದಾಳೇನು?" ಗುರುಸಿದ್ಧರ ದನಿ.

"ಅದಾರ. ಕಾಕಾನೂ ಅದಾರ. ಆ ಕಡೆ ಏನು ಮಾಡಾಕತ್ತೀರಿ?"

ಎಲ್ಲವನ್ನೂ ಮಾಡುತ್ತಿದ್ದರು. ಕೊರೆಯುವ ಯಂತ್ರ ತಂದರು, ಅದರ ಮೊನೆ ಮುರಿಯಿತು. ಗಣಿಯವರ ಡೈನಮೈಟು ಇಟ್ಟು ಒಮ್ಮೆ ಸಿಡಿಸಿದರು, ಗಾರೆಯ ಮೇಲೆ ಗೀರೂ ಬೀಳಲಿಲ್ಲ, ನಮ್ಮ ಕಿವಿ ಮಾತ್ರ ಗುಯ್ಯೆಂದಿತು. ಜಾಕು ಹಚ್ಚಿ ಮೆಲ್ಲಗೆ ದಬ್ಬಿದರು, ದಬ್ಬಿದಷ್ಟೂ ಜಾಕಿನ ಬುಡ ಹಿಂದಿನ ಗೋಡೆಯೊಳಗೆ ಮುಳುಗಿತು. ಕೊನೆಗೆ ಹತ್ತಾರು ಜನ ಸಾಲಾಗಿ ನಿಂತು ಕೈಯಿಂದ ತೋಡತೊಡಗಿದರು. ತೋಡಿದ ಅರ್ಧದಷ್ಟು ಮೇಲಿನಿಂದ ಮತ್ತೆ ಇಳಿಯುತ್ತಿತ್ತು. ಗಾಳಿಗೆಂದು ಕೊಳವೆಯೊಂದನ್ನೂ ಒತ್ತುತ್ತಿದ್ದರು, ಅದು ನಮ್ಮನ್ನು ಮುಟ್ಟಲು ನಾಡಿದ್ದಾಗುತ್ತಿತ್ತು.

"ನಮಗ ಗಾಳಿ ಎಷ್ಟೊತ್ತು ಐತ್ರಿ?" ಎಂದೆ.

ಅವರು ಆ ಕಡೆ ಯಾರೊಡನೆಯೋ ಲೆಕ್ಕ ಹಾಕಿದರು. ಆಮೇಲೆ ಹೇಳಿದರು, "ಸಂಜೀ ತನಕ."

ನಾನು ಗೋಡೆಗೆ ಒರಗದೆ ನೆಲದ ಹಾಸುಗಲ್ಲಿನ ಮೇಲೆ ಕೂತು ಯೋಚಿಸಿದೆ. ನಮಗೆ ಬೇಕಾದದ್ದು ಒಂದು ನೂಕು. ಕೈಗಿಂತ, ಜಾಕಿಗಿಂತ ಬಲವಾದದ್ದು, ಆದರೆ ಡೈನಮೈಟಿನ ಹಾಗೆ ಹೊಡೆತವಲ್ಲದ್ದು. ಹೊಡೆದರೆ ಗಾರೆ ಸಿಟ್ಟಾಗುತ್ತದೆ, ತೀರಾ ಮೆಲ್ಲಗೆ ದಬ್ಬಿದರೆ ನಮ್ಮ ಉಸಿರು ಮುಗಿಯುತ್ತದೆ. ನಡುವಿನದೊಂದು ಬೇಕು. ಯೋಚಿಸುತ್ತ ಯೋಚಿಸುತ್ತ ಕಣ್ಣು ಉಪ್ಪಿನಕಾಯಿಯ ಭರಣಿಯ ಮೇಲೆ ಹೋಯಿತು. ಯಾವುದಕ್ಕಾಗಿ ಜಗಳಕ್ಕೆ ಬಂದಿದ್ದೆನೋ ಅದರ ಮುಂದೆಯೇ ನಾನು ಕೈಮುಗಿಯುವ ಹಾಗಾಯಿತು.

ಕರಿಮದ್ದಿನ ಸ್ವಭಾವ ನಾನು ಓದಿದ್ದೆ. ಬಯಲಲ್ಲಿ ಹರಡಿ ಬೆಂಕಿ ತಾಗಿಸಿದರೆ ಭುಸ್ಸೆಂದು ಉರಿದು ಹೊಗೆಯಾಗಿ ಹೋಗುತ್ತದೆ, ಒಂದು ಎಲೆಯನ್ನೂ ನೂಕುವುದಿಲ್ಲ. ಅದೇ ಮದ್ದನ್ನು ಮುಚ್ಚಿದ ಜಾಗದಲ್ಲಿಟ್ಟರೆ ಅದರದೇ ಹೊಗೆ ಅದನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ತೀರಾ ಬಿಗಿದರೆ ಸಿಡಿತ. ಒಂದಿಷ್ಟು ಹೊಗೆ ಸೋರಿ ಹೋಗುವಂತೆ ಬಾಯನ್ನು ಸಡಿಲವಾಗಿ ಮುಚ್ಚಿದರೆ ಅದು ಹೊಡೆಯುವುದಿಲ್ಲ, ನೂಕುತ್ತದೆ. ಕಲ್ಲಿನ ಗಣಿಯವರು ಚಪ್ಪಡಿ ಒಡೆಯದ ಹಾಗೆ ಎತ್ತಲು ಹಿಂದೆ ಇದನ್ನೇ ಬಳಸುತ್ತಿದ್ದರು. ಇನ್ನೊಂದು ಸಂಗತಿಯೂ ಇತ್ತು, ಅದನ್ನು ಅತ್ತೆಗೆ ಹೇಳಲಿಲ್ಲ. ಮದ್ದಿಗೆ ಉರಿಯಲು ಗಾಳಿ ಬೇಡ, ತನ್ನ ಉಸಿರನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆ ಕೋಣೆಯಲ್ಲಿ ಉಸಿರಿನ ಚಿಂತೆಯಿಲ್ಲದ್ದು ಅದೊಂದೇ. ಅದು ಬಿಡುವ ಹೊಗೆಯನ್ನು ಕುಡಿಯಬೇಕಾದವರು ನಾವು.

ಗುರುಸಿದ್ಧರಿಗೆ ಹೇಳಿದೆ. ನನ್ನ ಮೇಲಧಿಕಾರಿಗಳು ತಂತಿಯಲ್ಲಿ ಬಂದು ಬೇಡ ಅಂದರು. ಮತ್ತೇನು ಮಾಡಲಿ ಎಂದು ಕೇಳಿದೆ. ಬೇಡ ಅಂದೆವಲ್ಲ ಅಂದರು. ಗುರುಸಿದ್ಧ, "ನಾವು ಈ ಕಡೆ ತೋಡಿ ತೆಳ್ಳಗ ಮಾಡ್ತೀವಿ, ನೀ ಆ ಕಡಿಂದ ನೂಕು," ಅಂದರು.

ಕಾಕಾನ ಮನೆಯಲ್ಲಿ ಗರ್ನಾಲು ಜಡಿಯುವ ಉದ್ದನೆಯ ಕಬ್ಬಿಣದ ಸಲಾಕೆ ಇತ್ತು. ಅದನ್ನು ಗಾರೆಗೆ ಆನಿಸಿ ಮೂವರೂ ಸರದಿಯ ಮೇಲೆ ಒರಗಿದೆವು. ಒರಗಿ ನಿಲ್ಲುವುದರಲ್ಲಿ ಅತ್ತೆಯ ಕೈಗೆ ಯಾರೂ ಸಾಟಿಯಾಗಲಿಲ್ಲ. ಸಲಾಕೆ ಇಳಿಯಿತು, ತೋಳುದ್ದದ ಒಂದು ಬಿಲವಾಯಿತು. ಮುಚ್ಚಿಕೊಳ್ಳದಂತೆ ಅದರೊಳಗೆ ತಗಡಿನ ಕೊಳವೆ ಇಟ್ಟೆವು. ಕಾಕಾ ಮದ್ದು ತುಂಬಿದರು. ಬಾಯಿಗೆ ಒದ್ದೆ ಮಣ್ಣು.

"ಸಡಿಲ ಇರ್ಲಿ ಕಾಕಾ. ನಮಗ ದನಿ ಬ್ಯಾಡ."

"ತಿಳೀತು ತಂಗಿ. ಸಡಿಲ."

ಅವರು ಸುಳ್ಳು ಹೇಳಲಿಲ್ಲ. ಅವರ ತಲೆಗೆ ತಿಳಿದಿತ್ತು. ಆದರೆ ಹುಟ್ಟಾ ಗರ್ನಾಲು ಜಡಿದ ಆ ಬಲಗೈಗೆ ಸಡಿಲ ಅನ್ನುವುದು ಗೊತ್ತೇ ಇರಲಿಲ್ಲ. ಮಣ್ಣನ್ನು ಮೆಲ್ಲಗೆ ಇಟ್ಟರು, ಇನ್ನೊಂದು ಚೂರು ಇಟ್ಟರು, ಆಮೇಲೆ ತಮಗೇ ಅರಿವಿಲ್ಲದ ಹಾಗೆ ಸಲಾಕೆಯಿಂದ ಮೂರ್ನಾಲ್ಕು ಸಲ ಜಡಿದುಬಿಟ್ಟರು. ನಾನು ಅತ್ತೆಯನ್ನು ಒಳಕೋಣೆಗೆ ಕರೆದೊಯ್ಯುತ್ತಿದ್ದೆ, ನೋಡಲಿಲ್ಲ. ಜಡಿದ ಸದ್ದು ಕೇಳಿ ಕೂಗುವಷ್ಟರಲ್ಲಿ ಬತ್ತಿಗೆ ಕಿಡಿ ಹತ್ತಿತ್ತು.

ಲಗ್ನದ ಗರ್ನಾಲು ಹಾರಿದ ಹಾಗೆಯೇ ಹಾರಿತು. ಗಾರೆ ಗಂಟೆಯಂತೆ ಮೊಳಗಿ ಕಲ್ಲಾಗಿ ನಿಂತಿತು. ಅದರೊಳಗೆ ದಾರಿ ಕಾಣದ ಹೊಗೆ ಬಾಯಿಯ ಮಣ್ಣನ್ನೇ ಹಿಂದಕ್ಕೆ ಉಗುಳಿತು. ಬೆಂಕಿ ಕಾಕಾನ ಬಲಗೈಯನ್ನು ಮೊಣಕೈತನಕ ಸವರಿ ಹೋಯಿತು. ನಾನು ಒಳಗಿನಿಂದ ಬಂದಾಗ ಅವರು ಕೈಯನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತು, ನೋವಿಗಿಂತ ಹೆಚ್ಚು ನಾಚಿಕೆಯಿಂದ ನನ್ನ ಮುಖ ನೋಡದೆ ಇದ್ದರು.

"ಕೈ ಕೇಳಲಿಲ್ಲ ತಂಗಿ," ಅಂದರು. "ನಾ ಬ್ಯಾಡ ಅಂದೆ. ಕೈ ಕೇಳಲಿಲ್ಲ."

ಬೈಯಬೇಕೆಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಕೋಣೆಯ ಸೂರಿನ ಕೆಳಗೆಲ್ಲ ಬೂದು ಹೊಗೆ ಕಟ್ಟಿಕೊಂಡಿತ್ತು. ಅತ್ತೆ ಸೀರೆಯ ಸೆರಗಿನ ತುದಿ ಹರಿದು, ಹಂಡೆಯ ತಳದಲ್ಲಿ ಉಳಿದ ನೀರಿನಲ್ಲಿ ಅದ್ದಿ ಮೂವರ ಮೂಗಿಗೂ ಕಟ್ಟಿದರು. ಅವರು ಕೆಮ್ಮುವುದೂ ನಿಧಾನವಾಗಿಯೇ ಎಂದು ಅಂಥ ಹೊತ್ತಿನಲ್ಲೂ ನನಗೆ ಅನ್ನಿಸಿತು.

ಭರಣಿಯಲ್ಲಿ ಇನ್ನೊಂದು ಸಲಕ್ಕೆ ಸಾಲುವಷ್ಟು ಮದ್ದಿತ್ತು. ಇನ್ನೊಂದು ಸಲಕ್ಕೆ ಸಾಲುವಷ್ಟು ಗಾಳಿಯಿತ್ತೋ ಇಲ್ಲವೋ ನನಗೆ ತಿಳಿಯದು. ನಾನೇ ತುಂಬುತ್ತೇನೆ ಅಂದೆ. ಕಾಕಾ ಒಪ್ಪಲಿಲ್ಲ. ಹೊಸ ಕೈ ಮದ್ದಿಗೆ ಹೆದರುತ್ತದೆ, ಹೆದರಿದ ಕೈ ಚೆಲ್ಲುತ್ತದೆ, ಒಂದು ಕಾಳು ಹೊರಗೆ ಚೆಲ್ಲಿದರೆ ಬೆಂಕಿ ಎತ್ತಲಿಂದ ಬಂತೆಂದು ಗೊತ್ತಾಗುವುದಿಲ್ಲ ಅಂದರು.

"ಹಂಗಾರ ಎಡಗೈಲೆ ತುಂಬ್ರಿ," ಅಂದೆ.

ಮುದುಕ ಬೆಚ್ಚಿದರು. ಅವರ ಮನೆತನದಲ್ಲಿ ಮದ್ದನ್ನು ಎಡಗೈಯಿಂದ ಮುಟ್ಟುವ ಹಾಗಿಲ್ಲ. ಮದ್ದಿನ ಕೆಲಸ ಕಲಿಯುವ ಮಗುವಿನ ಎಡಗೈಯನ್ನು ಮೊದಲ ವರ್ಷ ಬೆನ್ನಿಗೆ ಕಟ್ಟಿಯೇ ಕೂಡಿಸುತ್ತಾರಂತೆ. ಅವರ ಅಪ್ಪ, ಅಜ್ಜ ಯಾರೂ ಮುಟ್ಟಿಲ್ಲವಂತೆ.

"ಎಡಗೈ ಏನೂ ಕಲ್ತಿಲ್ಲ ಯವ್ವಾ. ಅದಕ್ಕ ಏನೂ ಗೊತ್ತಿಲ್ಲ."

"ಅದಕ್ಕ ಹೇಳಾಕತ್ತೀನ್ರಿ ಕಾಕಾ. ಅದಕ್ಕ ಜಡಿಯೋದೂ ಗೊತ್ತಿಲ್ಲ."

ಅವರು ಎಡಗೈಯನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕಾರ, ನಮ್ಮ ಮನಿಯಾಕಿ ಮುಂದ ಇದನ್ನ ಹೇಳಬ್ಯಾಡ್ರಿ," ಅಂದರು. ಅತ್ತೆ ತಲೆಯಾಡಿಸಿದರು.

ಎಡಗೈಯಿಂದಲೇ ಮದ್ದು ತೆಗೆದುಕೊಂಡರು. ಮದ್ದು ಹಾಕುವಾಗ ನಾನು ಕೊಳವೆ ಹಿಡಿದಿದ್ದೆ. ಮಣ್ಣನ್ನು ಇಡುವಾಗ ಆ ಕೈ ಎಷ್ಟು ಅಳುಕುತ್ತಿತ್ತೆಂದರೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಇಟ್ಟಿತು. ಸಲಾಕೆಯನ್ನು ನಾನು ದೂರ ಎಸೆದಿದ್ದೆ. ಬತ್ತಿ ಹಚ್ಚಿ ಮೂವರೂ ಒಳಕೋಣೆಯಲ್ಲಿ ನೆಲಕ್ಕೆ ಮುಖ ಹಚ್ಚಿ ಮಲಗಿದೆವು.

ಸಿಡಿತವಿರಲಿಲ್ಲ. ದೊಡ್ಡ ಎಮ್ಮೆಯೊಂದು ಮಗ್ಗುಲು ಬದಲಿಸಿ ಉಸಿರು ಬಿಟ್ಟ ಹಾಗೆ ಒಂದು ದನಿ ಬಂತು, ಬಂದದ್ದು ನಿಲ್ಲಲಿಲ್ಲ, ಎಳೆದುಕೊಂಡು ಹೋಯಿತು. ಓಡಿ ಬಂದು ನೋಡಿದರೆ ಗಾರೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಿತ್ತು. ಉಬ್ಬಿ ಉಬ್ಬಿ ಆಚೆ ಕಡೆ ಎಲ್ಲೋ ಬಾಯಿ ಬಿಟ್ಟಿತು. ಬಿಲದ ಕೊನೆಯಲ್ಲಿ ಬೆಳಕು ಕಂಡಿತು, ಜನರ ದನಿ ಕೇಳಿತು. ನನಗೆ ಅಳು ಬಂತು. ಕಾಕಾ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಆದರೆ ಬಿಲ ಒಬ್ಬರು ತೂರುವಷ್ಟಿತ್ತು, ಮೇಲಿನ ಗಾರೆ ಮತ್ತೆ ಜೋಲತೊಡಗಿತ್ತು. ಹೊಗೆಯಲ್ಲಿ ಒಂದಿಷ್ಟು ಆಚೆ ಹೋಗಿ ಉಳಿದದ್ದೆಲ್ಲ ನಮ್ಮ ಕೋಣೆಗೇ ಮರಳಿತ್ತು. ಇನ್ನು ತಡ ಮಾಡುವ ಹಾಗಿರಲಿಲ್ಲ, ಅವಸರ ಮಾಡುವ ಹಾಗೂ ಇರಲಿಲ್ಲ. ಒದ್ದಾಡಿದರೆ ಗಾರೆ ಹಿಡಿಯುತ್ತದೆ. ಮೊದಲು ಅತ್ತೆಯನ್ನು ಬಿಟ್ಟೆವು. ಅವರು ತಮ್ಮ ಎಂದಿನ ನಡಿಗೆಯಲ್ಲೇ, ಮೊಣಕೈ ಊರುತ್ತ, ನಡುವೆ ಒಮ್ಮೆ ನಿಂತು ಸೆರಗು ಸರಿಮಾಡಿಕೊಂಡು ಹೋದರು. ಗಾರೆಗೆ ಅವರು ಹೋದದ್ದೇ ಗೊತ್ತಾಗಲಿಲ್ಲ. ಅಷ್ಟು ವರ್ಷ ಬೈದುಕೊಂಡ ಆ ನಿಧಾನದ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು.

"ಈಗ ನೀವು ಹೋಗ್ರಿ ಕಾಕಾ."

"ಒಂದ ಕೈಲೆ ತೆವಳಬೇಕು ನಾ. ನಡುವ ನಿಂತ್ನೆಂದ್ರ ನಿನ್ನ ದಾರಿನೂ ಕಟ್ಟತೈತಿ. ನೀ ಹೋಗು, ನಾ ನಿನ್ನ ಬೆನ್ನ ಹಿಂದ ಬರ್ತೀನಿ."

ಮಾತು ಸರಿಯಿತ್ತು. ಬರುತ್ತೀರಲ್ಲ ಎಂದು ಕೇಳಿದೆ. ಬರದೆ ಮೊಮ್ಮಗಳ ಲಗ್ನಕ್ಕೆ ನಿನ್ನ ಗಂಡ ಗರ್ನಾಲು ಹಾರಿಸುತ್ತಾನೇನು ಎಂದು ಕೆಮ್ಮುತ್ತಲೇ ಚೇಷ್ಟೆ ಮಾಡಿದರು. ನಾನು ಬಿಲಕ್ಕೆ ತಲೆ ಕೊಟ್ಟೆ.

ಒಳಗೆ ಕತ್ತಲೆ, ಬಿಸಿ. ನಾಲ್ಕೂ ಕಡೆಯಿಂದ ಮೈಗೆ ಗಾರೆ ತಾಗುತ್ತಿತ್ತು. ಹಿಂದೆ ನನ್ನ ಪಾದದ ಮೇಲೆ ಕಾಕಾನ ಕೈ ಬಿತ್ತು. ನಾನಿದ್ದೇನೆ ಎನ್ನುವ ಹಾಗೆ ಎರಡು ಸಲ ತಟ್ಟಿದರು. ನಾನು ಸರಿದಂತೆ ಅವರೂ ಸರಿದು ತಟ್ಟುತ್ತಿದ್ದರು. ಬೆಳಕು ಹತ್ತಿರವಾಯಿತು. ಎರಡೂ ಕೈ ಮುಂದೆ ಚಾಚಿದ್ದೆ, ಬೆರಳುಗಳು ಹೊರಗಿನ ತಣ್ಣನೆಯ ಗಾಳಿಗೆ ಬಂದವು. ಆಗ ಯಾರೋ ನನ್ನ ಎರಡೂ ಮಣಿಕಟ್ಟು ಹಿಡಿದು ಜಗ್ಗಿದರು.

ಆ ಹಿಡಿತ ನನಗೆ ಗೊತ್ತಿತ್ತು. ಗುರುಸಿದ್ಧ. ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ತೋಡಿದ್ದರಂತೆ, ನನ್ನ ಬೆರಳು ಕಂಡದ್ದೇ ಪ್ರಾಣ ಬಂದ ಹಾಗೆ ಎಳೆದಿದ್ದರು. ಗಾರೆ ನನ್ನ ಎದೆಯ ಸುತ್ತ ಕಲ್ಲಾಗಿ ಕೂತಿತು. ಉಸಿರು ಹೊರಗೆ ಹೋಯಿತು, ಒಳಗೆ ಬರಲಿಲ್ಲ. ಬಿಡ್ರೀ ಎನ್ನಲು ಬಾಯಿ ತೆರೆದರೆ ದನಿಗೆ ಬೇಕಾದ ಗಾಳಿಯೇ ಇಲ್ಲ. ಕೈ ಕೊಡವಿ ತಿಳಿಸೋಣವೆಂದರೆ ಅದನ್ನು ಸಂಕಟವೆಂದು ತಿಳಿದು ಅವರು ಇನ್ನೂ ಗಟ್ಟಿಯಾಗಿ ಹಿಡಿದರು. ಹೊರಗೆ ಅತ್ತೆಯ ದನಿ ಕೇಳುತ್ತಿತ್ತು.

"ಬಿಡೋ ಗುರುಸಿದ್ಧ. ಕೈ ಬಿಡು. ಬಿಡೋ."

"ಬಿಟ್ಟೆ ಬೇ, ಬಿಟ್ಟೆ," ಎನ್ನುತ್ತಿದ್ದರು ಅವರು. ಎನ್ನುತ್ತಲೇ ಎಳೆಯುತ್ತಿದ್ದರು. ದಿನಾ ಬೆಳಿಗ್ಗೆ ಇಡೀ ಓಣಿಗೆ ಓದಿ ಹೇಳುತ್ತಿದ್ದ ಮನುಷ್ಯ.

ಹಿಂದಿನ ಹೊಗೆಯಲ್ಲಿ ಸಿಕ್ಕ ಕಾಕಾ ನನ್ನ ಪಾದದ ಮೇಲೆ ತಟ್ಟಿದರು. ಯಾಕೆ ನಿಂತೆ ಎಂದು ಕೇಳುವ ಹಾಗೆ ತಟ್ಟಿದರು. ಮತ್ತೆ ತಟ್ಟಿದರು, ಬೇಗ ಬೇಗ. ಆಮೇಲೆ ಅವರಿಗೆ ತಿಳಿಯಿತೇನೋ, ತಟ್ಟುವುದು ಮೆಲ್ಲಗಾಯಿತು, ಸಮಾಧಾನ ಮಾಡುವ ಹಾಗೆ. ಆಮೇಲೆ ಕೈ ಸುಮ್ಮನೆ ನನ್ನ ಹಿಮ್ಮಡಿಯ ಮೇಲೆ ಇತ್ತು. ಇನ್ನೂ ಆಮೇಲೆ ಅದು ಜಾರಿತು. ನನಗೆ ಅರಚಬೇಕಿತ್ತು. ನನ್ನ ಜೀವಮಾನದಲ್ಲಿ ಯಾವತ್ತೂ ಅಷ್ಟು ಅಸಹಾಯಕಳಾಗಿರಲಿಲ್ಲ.

ಅತ್ತೆ ಮಗನ ಕೈಗೆ ಬಾಯಿ ಹಾಕಿ ಕಚ್ಚಿದರಂತೆ. ಹಿಡಿತ ತಪ್ಪಿತು. ಗಾರೆ ಒಂದು ಕ್ಷಣ ಯೋಚಿಸಿ ನನ್ನನ್ನು ಬಿಟ್ಟಿತು, ನಾನು ಜಾರಿ ಹೊರಗೆ ಬಿದ್ದೆ. ಉಸಿರು ಬಂದದ್ದೇ ಕಾಕಾ, ಕಾಕಾ ಎಂದೆ. ಗುರುಸಿದ್ಧ ಕವುಚಿ ಮಲಗಿ ಹೆಗಲತನಕ ಕೈಯನ್ನು ಬಿಲದೊಳಗೆ ಇಳಿಸಿದರು. ಈಗ ಅವರ ಕೈಗೆ ಲೋಕದ ತಾಳ್ಮೆಯೆಲ್ಲ ಬಂದಿತ್ತು. ಒಂದಿಷ್ಟೂ ಅವಸರವಿಲ್ಲದೆ ಎಳೆ ಎಳೆಯಾಗಿ ಅವರನ್ನು ಹೊರಗೆ ತಂದರು. ಹಜರತಬಿ ಅಲ್ಲೇ ಕೊಡ ಹಿಡಿದುಕೊಂಡೇ ನಿಂತಿದ್ದಳು. ವೈದ್ಯರು ಬಹಳ ಹೊತ್ತು ಎದೆ ಒತ್ತಿ ನೋಡಿದರು, ಕಾಕಾ ಉಸಿರಾಡಲಿಲ್ಲ.

ಹೊಗೆ ಕುಡಿದು ಸತ್ತರು ಎಂದು ಬರೆದರು. ಅದು ಸುಳ್ಳಲ್ಲ. ತಂಪೋಣಿಯ ಕೊರಳುಗಳಿಗೆಲ್ಲ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಆದೇಶವಾಯಿತು. ಸಡಿಲ ಮದ್ದಿನಿಂದ ಬಿಗಿಗಾರೆ ಬಿಡಿಸುವ ಉಪಾಯಕ್ಕೆ ನಮ್ಮ ಪ್ರಯೋಗಾಲಯದ ಹೆಸರು ಬಂತು. ಗುರುಸಿದ್ಧ ಬೆಳಗಿನ ಸೂಚನೆ ಓದುವುದನ್ನು ನಿಲ್ಲಿಸಿದರು. ಬೇರೆ ಯಾರೋ ಓದುತ್ತಾರೆ.

ಅವರು ಅತ್ತೆಯನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. "ನಾ ಕೂಡ್ಲೆ ಬಿಟ್ಟೆ ಅಲ್ಲೇನ ಬೇ?" ಅತ್ತೆ ಪ್ರತಿ ಸಲವೂ, "ಹೂಂ ಅಪ್ಪಾ, ಬಿಟ್ಟಿ," ಎನ್ನುತ್ತಿದ್ದರು. ಮಗನ ಕೈಯ ಮೇಲೆ ಅವರದೇ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಒಂದು ದಿನ ಊಟಕ್ಕೆ ಕೂತ ಗುರುಸಿದ್ಧ ನನ್ನನ್ನೇ ಕೇಳಿದರು. ಹೌದು ಅಂದರೆ ಮುಗಿಯುತ್ತಿತ್ತು. ಹೌದು ಎನ್ನಲೆಂದೇ ಬಾಯಿ ತೆರೆದೆ. ಆದರೆ ನನ್ನ ಹಿಮ್ಮಡಿಯಿಂದ ಕಾಕಾನ ಕೈ ಜಾರಿದ್ದು ನೆನಪಾಯಿತು.

"ಇಲ್ರೀ," ಅಂದೆ. "ಬಿಡಲಿಲ್ಲ."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅತ್ತೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಗುರುಸಿದ್ಧ ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾನೂ ಹೊರಟೆ.

ಹಜರತಬಿ ಆ ದಿನದಿಂದ ಕೆಳಗಿಳಿದಿರಲಿಲ್ಲ. ಸುಡುವ ಬೇಸಿಗೆಯಲ್ಲಿ ಮೇಲಿನ ಊರಿನಲ್ಲಿ ಒಬ್ಬಳೇ, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟುಕೊಂಡು ಇದ್ದಳು. ನಾವು ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಗೋಣಿಚೀಲ ಸರಿಸಿ ಬಾಗಿಲಲ್ಲಿ ನಿಂತವಳ ಮುಂದೆ ಗುರುಸಿದ್ಧ ಕೈಕಟ್ಟಿಕೊಂಡು ಎಲ್ಲವನ್ನೂ ಹೇಳಿದರು. ಹಿಡಿದದ್ದು, ಎಳೆದದ್ದು, ಬಿಟ್ಟೆ ಬಿಟ್ಟೆ ಎನ್ನುತ್ತ ಬಿಡದೆ ಇದ್ದದ್ದು. ನನ್ನ ಕಡೆ ನೋಡಲಿಲ್ಲ, ಒಂದು ಮಾತನ್ನೂ ತಮ್ಮ ಪರವಾಗಿ ತಿರುಗಿಸಿಕೊಳ್ಳಲಿಲ್ಲ. ಹಜರತಬಿ ಕೇಳಿಸಿಕೊಂಡಳು. ಬಿಸಿಲಿಗೆ ನನಗೆ ನಿಲ್ಲಲಾಗುತ್ತಿರಲಿಲ್ಲ.

"ಆ ಬಿಲದಾಗ ಮೊದಲ ನಮ್ಮವರ ಕೈ ಕಂಡಿದ್ರ," ಅಂದಳು ಕೊನೆಗೆ, "ನಾನೂ ಬಿಡ್ತಿದ್ದಿಲ್ಲ ತಮ್ಮಾ."

ಅಷ್ಟು ಹೇಳಿದಳು. ಒಳಗೆ ಬರ್ರಿ ಅನ್ನಲಿಲ್ಲ.